ಸ್ಪ್ಲಿಟ್‌ನಿಂದ ವಿಸ್‌ಗೆ, ಬಾಡಿಗೆ ಯಾಟ್‌ನಲ್ಲಿ

ನಾವು ಹೊರಟಿದ್ದು ಕ್ರೊಯೇಷಿಯಾದ ಬಂದರು ನಗರ ಸ್ಪ್ಲಿಟ್‌ನಿಂದ. ಈ ದೇಶದಲ್ಲಿ ಮೋಟಾರ್ ಯಾಟ್ (ಎಂಜಿನ್ ಇರುವ ವಿಹಾರ ನೌಕೆ) ಬಾಡಿಗೆ ಸಾಮಾನ್ಯವಾಗಿ ಶನಿವಾರದಿಂದ ಶನಿವಾರಕ್ಕೆ. ಹೇಳಿದ ರೇಟು ನೋಡಿ ಖುಷಿಪಡಬೇಡಿ. ಡೀಸೆಲ್, ಸ್ಕಿಪ್ಪರ್ (ಯಾಟ್ ನಡೆಸುವವನು) ದುಡ್ಡು, ಬಂದರಿನ ಶುಲ್ಕ ಹೆಚ್ಚಾಗಿ ಬೇರೆ. ಜೋರಾಗಿ ಓಡಿಸಿದಷ್ಟೂ ಡೀಸೆಲ್ ಕುಡಿಯುತ್ತದೆ. ನಮ್ಮೆಜಮಾನ್ರು 'ಇನ್ನೂ ಸ್ವಲ್ಪ ಸ್ಪೀಡು' ಅಂದಾಗಲೆಲ್ಲ ನನ್ನ ಕಣ್ಣು ಡೀಸೆಲ್ ಮುಳ್ಳಿನ ಮೇಲೆ!

ದಾರಿಯಲ್ಲಿ ಸಿಗುವ ಹ್ವಾರ್ ಚೆಂದದ ಊರು, ಆದರೆ ಬೇಸಿಗೆಯಲ್ಲಿ ಜಾತ್ರೆ. ನನಗೆ ಹಿಡಿಸಿದ್ದು ವಿಸ್. ಕ್ರೊಯೇಷಿಯಾ ಆಗ ಸೇರಿದ್ದ ಯುಗೊಸ್ಲಾವಿಯಾ ದೇಶದ ಸೇನಾ ನೆಲೆಯಾಗಿದ್ದ ಈ ದ್ವೀಪಕ್ಕೆ 1989ರವರೆಗೂ ವಿದೇಶಿಯರನ್ನು ಬಿಡುತ್ತಿರಲಿಲ್ಲ. ಹಾಗಾಗಿ ದೊಡ್ಡ ಹೋಟೆಲ್‌ಗಳ ಹಾವಳಿ ಕಡಿಮೆ. ಬಂಡೆ ಕೊರೆದು ಮಾಡಿದ ಸಬ್‌ಮರೀನ್ ಸುರಂಗದೊಳಗೆ ಸಣ್ಣ ರಬ್ಬರ್ ದೋಣಿಯಲ್ಲಿ ಹೋದೆವು. ಕಾಂಕ್ರೀಟ್ ಗೋಡೆ, ಕೆಳಗೆ ಕಪ್ಪು ನೀರು, ಕೆಮ್ಮಿದರೂ ಮಾರ್ದನಿ. ಸಂಜೆ ಲಂಗರು ಹಾಕಿದ ಮೇಲೆ ಚಿತ್ರಾನ್ನ ಕಲಸಿದೆ. ಸ್ಕಿಪ್ಪರ್ ಎರಡು ಸಲ ಹಾಕಿಸಿಕೊಂಡ.