ಹಕ್ಕಿಜ್ವರದ ಆರೋಪಪಟ್ಟಿಯಲ್ಲಿ ಮೊದಲ ಹೆಸರು ಯಾರದು?

ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬಂದಿಳಿಯುವ ಪಟ್ಟೆತಲೆ ಹೆಬ್ಬಾತುಗಳನ್ನು ನೋಡಲು ಹೋಗುವ ನನ್ನಂಥವರಿಗೆ, ಎಲ್ಲೋ ಒಂದು ಕೋಳಿ ಫಾರಂನಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಾಗಲೆಲ್ಲ ಒಂದೇ ಪ್ರಶ್ನೆ ಎದುರಾಗುತ್ತದೆ: ‘ನಿಮ್ಮ ಆ ಹಕ್ಕಿಗಳೇ ತಂದದ್ದಲ್ಲವೇ?’ ಈ ಅನುಮಾನ ಪೂರ್ತಿ ಸುಳ್ಳಲ್ಲ. ಆದರೆ ಕಳೆದ ಮೂರು ದಶಕಗಳ ಸಂಶೋಧನೆಯನ್ನು ಓದಿದರೆ, ಆರೋಪಪಟ್ಟಿಯಲ್ಲಿ ಹೆಬ್ಬಾತಿಗಿಂತ ಮೊದಲು ಫಾರಂನ ಹೆಸರನ್ನೇ ಬರೆಯಬೇಕಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಇನ್‌ಫ್ಲುಯೆಂಜಾ ‘ಎ’ ವೈರಸ್‌ಗಳ ಸಹಜ ನೆಲೆ ನೀರುಹಕ್ಕಿಗಳ ಕರುಳು; ಅಲ್ಲಿ ಅವು ಬಹುಮಟ್ಟಿಗೆ ನಿರುಪದ್ರವಿ. ವೈರಸ್ಸಿನ ಮೈಮೇಲಿರುವ ಹಿಮಾಗ್ಲುಟಿನಿನ್ ಎಂಬ ಪ್ರೋಟೀನನ್ನು ಹಕ್ಕಿಯ ದೇಹದ ಕಿಣ್ವವೊಂದು ಗೊತ್ತಾದ ಜಾಗದಲ್ಲಿ ಕತ್ತರಿಸಿದರಷ್ಟೇ ಸೋಂಕು ಮುಂದುವರಿಯುತ್ತದೆ. ಸೌಮ್ಯ ತಳಿಗಳಲ್ಲಿ ಆ ಕೆಲಸ ಮಾಡಬಲ್ಲ ಕಿಣ್ವಗಳು ಮುಖ್ಯವಾಗಿ ಕರುಳು ಮತ್ತು ಶ್ವಾಸನಾಳದಲ್ಲಿರುವುದರಿಂದ ಸೋಂಕೂ ಹೆಚ್ಚಾಗಿ ಅಲ್ಲಿಗೇ ನಿಲ್ಲುತ್ತದೆ. ಎಚ್5 ಅಥವಾ ಎಚ್7 ವರ್ಗದ (ಇಲ್ಲಿ ‘ಎಚ್’ ಎಂದರೆ ಇದೇ ಹಿಮಾಗ್ಲುಟಿನಿನ್, ಅಂಕಿ ಅದರ ಬಗೆ) ವೈರಸ್ ಕೋಳಿಗಳಿಗೆ ದಾಟಿ ಅವುಗಳ ನಡುವೆ ಹರಡುತ್ತಿರುವಾಗ, ಕತ್ತರಿ ಬೀಳುವ ಆ ಜಾಗದಲ್ಲಿ ಅರ್ಜಿನೈನ್, ಲೈಸಿನ್‌ಗಳಂಥ ಅಮೈನೋ ಆಮ್ಲಗಳು ಸಾಲಾಗಿ ಸೇರಿಕೊಳ್ಳುವುದುಂಟು. ಆಮೇಲೆ ದೇಹದ ಬಹುತೇಕ ಎಲ್ಲ ಅಂಗಾಂಶಗಳಲ್ಲೂ ಇರುವ ಫ್ಯೂರಿನ್ ಎಂಬ ಕಿಣ್ವವೇ ಸಾಕು: ವೈರಸ್ ಮಿದುಳು, ಹೃದಯಗಳಿಗೂ ನುಗ್ಗುತ್ತದೆ, ಜುಟ್ಟು ನೀಲಿಗಟ್ಟುತ್ತದೆ, ಕೆಲವೇ ದಿನಗಳಲ್ಲಿ ಶೆಡ್ಡಿಗೆ ಶೆಡ್ಡೇ ಮಲಗುತ್ತದೆ. ಈ ಮಾರ್ಪಾಡು ದಾಖಲಾಗಿರುವುದು ಹೆಚ್ಚಾಗಿ ಸಾಕುಕೋಳಿಗಳಲ್ಲಿಯೇ. ಹಕ್ಕಿಗಳು ಚದುರಿ ಬದುಕುವ ಕಡೆ ಬೇಗ ಕೊಲ್ಲುವ ವೈರಸ್ ತಾನೂ ಬೇಗ ನಾಶವಾಗುವ ಸಂಭವ ಹೆಚ್ಚು. ಸಾವಿರಾರು ಕೋಳಿಗಳು ಒತ್ತೊತ್ತಾಗಿರುವ ಸೂರಿನಡಿ ಅದಕ್ಕೆ ಆ ಅಂಜಿಕೆಯಿಲ್ಲ.

ಇಂದಿನ ಮಾರಕ ಎಚ್5 ವಂಶದ ಮೂಲವೂ 1996ರಲ್ಲಿ ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದ ಸಾಕು ಹೆಬ್ಬಾತೊಂದರಲ್ಲಿ ಪತ್ತೆಯಾದ ಎಚ್5ಎನ್1. ಮರುವರ್ಷ ಹಾಂಗ್‌ಕಾಂಗ್‌ನಲ್ಲಿ ಈ ವಂಶದ ವೈರಸ್ 18 ಜನರಿಗೆ ತಗುಲಿ, ಆರು ಮಂದಿ ಸತ್ತರು. 2005ರಲ್ಲಿ ಚೀನಾದ ಚಿಂಗ್‌ಹೈ ಸರೋವರದಲ್ಲಿ ಸಾವಿರಾರು ಕಾಡುಹಕ್ಕಿಗಳು ಸತ್ತುಬಿದ್ದಾಗ ಅವುಗಳಲ್ಲಿ ಬಹುಪಾಲು ಪಟ್ಟೆತಲೆ ಹೆಬ್ಬಾತುಗಳೇ. ಅಲ್ಲಿನ ವೈರಸ್ಸಿನ ಜೀನ್‌ಗಳನ್ನು ಓದಿದವರಿಗೆ ಕಂಡ ಹತ್ತಿರದ ನೆಂಟಸ್ತಿಕೆ ದಕ್ಷಿಣ ಚೀನಾದ ಸಾಕುಕೋಳಿಗಳ ವೈರಸ್‌ಗಳೊಂದಿಗೆ. ನಾವು ಆರೋಪಿಯೆನ್ನುವ ಹಕ್ಕಿ ಇಲ್ಲಿ ಮೊದಲು ಬಲಿಪಶು.

ಹಾಗೆಂದು ಕಾಡುಹಕ್ಕಿಗಳಿಗೆ ಪೂರ್ತಿ ಖುಲಾಸೆ ಸಿಗುವುದಿಲ್ಲ. 2014ರಲ್ಲಿ ದಕ್ಷಿಣ ಕೊರಿಯಾದಲ್ಲಿ ಕಾಣಿಸಿಕೊಂಡ ಎಚ್5ಎನ್8, ಅದೇ ವರ್ಷ ಯುರೋಪ್ ಮತ್ತು ಉತ್ತರ ಅಮೆರಿಕವನ್ನು ಮುಟ್ಟಿತು. 16 ದೇಶಗಳ ಮಾದರಿಗಳನ್ನು ಹೋಲಿಸಿ 2016ರಲ್ಲಿ ಪ್ರಕಟವಾದ ಅಧ್ಯಯನವು, ವಲಸೆ ಹಕ್ಕಿಗಳೇ ಅದನ್ನು ಉತ್ತರ ಧ್ರುವದ ಸಮೀಪದ ಸಂತಾನಾಭಿವೃದ್ಧಿ ನೆಲೆಗಳ ಮೂಲಕ ಹೊತ್ತೊಯ್ದಿರುವ ಸಂಭವ ಹೆಚ್ಚೆಂದು ತೋರಿಸಿತು. ಹುಟ್ಟುವುದು ಶೆಡ್ಡಿನಲ್ಲಿ, ಹಾರುವುದು ಹಕ್ಕಿಯೊಂದಿಗೆ, ಮರಳುವುದು ಮತ್ತೆ ಶೆಡ್ಡಿಗೆ.

ಈ ಎರಡರ ನಡುವೆ ಬಾತುಕೋಳಿ ನಿಂತಿದೆ. ಬಾತುಗಳಲ್ಲಿರುವ ರಿಗ್-ಐ ಎಂಬ ಜೀನ್ ವೈರಸ್ಸಿನ ಆರ್‌ಎನ್‌ಎಯನ್ನು ಗುರುತಿಸಿ ಕೂಡಲೇ ಎಚ್ಚರಿಕೆ ಕೊಡುತ್ತದೆ. ಕೋಳಿಗಳಲ್ಲಿ ಆ ಜೀನ್ ಇಲ್ಲವೆಂದು ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ತಂಡ 2010ರಲ್ಲಿ ತೋರಿಸಿತು. ಬಾತುಗಳು ಕಾಯಿಲೆ ಬೀಳದೆಯೇ ವೈರಸ್ಸನ್ನು ಹೊರಹಾಕುತ್ತಿರಬಲ್ಲವು ಎಂಬುದಕ್ಕೆ ಇದೂ ಒಂದು ಕಾರಣ. ಗದ್ದೆಗಳಲ್ಲಿ ಮೇಯುವ ಸಾಕುಬಾತುಗಳು ಕಾಡುಹಕ್ಕಿಗಳೊಂದಿಗೆ ನೀರು ಹಂಚಿಕೊಳ್ಳುವ ಕೇರಳದ ಕುಟ್ಟನಾಡಿನಂಥ ಕಡೆ ನಿಗಾ ಹೆಚ್ಚಬೇಕಾಗಿರುವುದು ಇದರಿಂದಾಗಿಯೇ. ಫ್ರಾನ್ಸ್ 2023ರ ಅಕ್ಟೋಬರಿನಿಂದ ಸಾಕುಬಾತುಗಳಿಗೆ ಲಸಿಕೆ ಹಾಕತೊಡಗಿದ್ದೂ ಇದೇ ಕೊಂಡಿಯನ್ನು ಕಡಿಯಲು.

ಇನ್ನು, ಕೆರೆದಂಡೆಯಲ್ಲಿ ಸತ್ತ ಹಕ್ಕಿ ಕಂಡರೆ ದಯವಿಟ್ಟು ಮುಟ್ಟಬೇಡಿ. ಪಶುಪಾಲನಾ ಇಲಾಖೆಗೆ ತಿಳಿಸಿ. ಅದರ ಮಾದರಿ, ಹಕ್ಕಿಜ್ವರವನ್ನು ಖಚಿತಪಡಿಸುವ ಭೋಪಾಲದ ರಾಷ್ಟ್ರೀಯ ಪ್ರಯೋಗಾಲಯಕ್ಕೆ ತಲುಪಿದರೆ ಮಾತ್ರ, ನನಗೆ ಎದುರಾಗುವ ಆ ಪ್ರಶ್ನೆಗೆ ಊಹೆಯ ಬದಲು ಜೀನ್‌ಗಳ ಉತ್ತರ ಸಿಗಬಹುದು.