ನವೆಂಬರಿನಲ್ಲಿ ಬರುವ ಮಕ್ಕಳು

ಇಲಾಖೆಯ ಲೆಕ್ಕದಲ್ಲಿ ಶಾಲೆ ವರ್ಷಕ್ಕೊಮ್ಮೆ ಶುರುವಾಗುತ್ತದೆ. ಮೂಡಿಗೆರೆ ತಾಲೂಕಿನ ಕಾಫಿ ತೋಟಗಳ ನಡುವಿನ ನಮ್ಮ ಶಾಲೆ ಎರಡು ಸಲ ಶುರುವಾಗುತ್ತದೆ. ಮೊದಲನೆಯದು ಜೂನ್ ಮಳೆಯಲ್ಲಿ, ಊರಿನ ಮಕ್ಕಳೊಂದಿಗೆ. ಎರಡನೆಯದು ದಸರಾ ರಜೆ ಕಳೆದು ಅರೇಬಿಕಾ ಹಣ್ಣು ಕೆಂಪಗಾಗುವ ಹೊತ್ತಿಗೆ. ಆಗ ಕೂಲಿಯವರನ್ನು ಒದಗಿಸುವ ಮೇಸ್ತ್ರಿಗಳು ಕೊಯ್ಲಿಗೆಂದು ಕರೆತಂದ ಕುಟುಂಬಗಳು ಲೈನ್ ಮನೆಗಳಲ್ಲಿ, ಅಂದರೆ ತೋಟದ ಕೂಲಿಯವರ ಸಾಲುಮನೆಗಳಲ್ಲಿ, ಇಳಿಯುತ್ತವೆ. ರಾಯಚೂರು, ಬಳ್ಳಾರಿ ಕಡೆಯವರು ಹಿಂದಿನಿಂದಲೂ ಬರುತ್ತಿದ್ದರು. ಈಚೆಗೆ ಅಸ್ಸಾಂ, ಜಾರ್ಖಂಡ್ ಕಡೆಯವರೂ ಬರುತ್ತಾರೆ. ರೋಬಸ್ಟಾ ಕೊಯ್ಲು ಮುಗಿದು ಬಿಸಿಲು ಏರುವಷ್ಟರಲ್ಲಿ ಬಂದವರಲ್ಲಿ ಹೆಚ್ಚಿನವರು ಹೊರಟುಬಿಡುತ್ತಾರೆ. ನಡುವೆ ಬಂದು ನಡುವೆಯೇ ಹೋಗುವ ಈ ಮಕ್ಕಳನ್ನು ಅತಿಥಿಗಳೆಂದುಕೊಂಡರೆ ಪಾಠ ಸುಲಭ, ಹಾಜರಿ ಪುಸ್ತಕವೂ ಅಚ್ಚುಕಟ್ಟು. ಅವರಿಗಾಗಿಯೇ ದಿನವನ್ನು ಹೊಂದಿಸಿದರೆ ಊರಿನ ಮಕ್ಕಳಿಗೂ ಒಳ್ಳೆಯದಾಗುತ್ತದೆ ಎಂಬುದನ್ನು ನಾನು ಕೆಲಸ ಮಾಡುತ್ತಲೇ ಕಂಡುಕೊಂಡೆ.

ನಮ್ಮದು ಒಂದರಿಂದ ಐದರವರೆಗಿನ ಕಿರಿಯ ಪ್ರಾಥಮಿಕ ಶಾಲೆ. ಪಕ್ಕದ ಕೊಠಡಿಯಲ್ಲಿ ನರ್ಸರಿ, ಅಂದರೆ ಎಲ್‌ಕೆಜಿ, ಯುಕೆಜಿ. ನಾನು ಒಂದು, ಎರಡು, ಮೂರನೇ ತರಗತಿಗಳನ್ನು ಒಟ್ಟಿಗೆ ಕೂರಿಸಿಕೊಳ್ಳುವ ನಲಿ-ಕಲಿ ಶಿಕ್ಷಕಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಆರಂಭವಾಗಿ 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂದ, ಪ್ರತಿ ಮಗುವೂ ಕಾರ್ಡುಗಳ ಮೂಲಕ ತನ್ನ ವೇಗದಲ್ಲಿ ಕಲಿಯುವ ಪದ್ಧತಿ ಇದು. ಇದರ ಮೇಲೆ ದೂರುಗಳು ಬೇಕಾದಷ್ಟಿವೆ. ಕಾರ್ಡುಗಳು ಹರಿಯುತ್ತವೆ, ಪ್ರಗತಿ ನೋಟ ಎಂಬ ಪಟ್ಟಿ ತುಂಬುವುದರಲ್ಲೇ ಹೊತ್ತು ಹೋಗುತ್ತದೆ. ಅ, ಆ, ಇ, ಈ ಎಲ್ಲಿ ಹೋಯಿತು ಎಂದು ಅಜ್ಜಂದಿರು ಗೇಟಿನಲ್ಲೇ ಹಿಡಿದು ಕೇಳುತ್ತಾರೆ. ನಾವು ರ, ಗ, ಸ, ದ, ಅ ಎಂದು ಶುರುಮಾಡುತ್ತೇವೆ. ಇಷ್ಟೇ ಅಕ್ಷರಗಳಲ್ಲಿ ಸರ, ಅಗಸ, ಅರಸ ಎಂದು ಮಗು ಓದಿಬಿಡುತ್ತದೆ ಎಂದು ತೋರಿಸಿದ ಮೇಲೂ ಅವರ ಮುಖದ ಅನುಮಾನ ಹೋಗುವುದಿಲ್ಲ.

ದೂರುಗಳೆಲ್ಲ ನಿಜವಿರಬಹುದು. ಆದರೂ ನವೆಂಬರಿನಲ್ಲಿ ಬರುವ ಮಗುವಿಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆಯನ್ನು ನಾನು ಕಂಡಿಲ್ಲ. ಇಡೀ ತರಗತಿ ಒಂದೇ ಪುಟದಲ್ಲಿದ್ದರೆ ತಡವಾಗಿ ಬಂದವನು ಮೂವತ್ತು ಪುಟ ಹಿಂದೆ ಬಿದ್ದಂತೆ. ನಲಿ-ಕಲಿಯಲ್ಲಿ ಪಾಠಗಳನ್ನು ಮೆಟ್ಟಿಲುಗಳಾಗಿ ಜೋಡಿಸಿದ ಕಲಿಕಾ ಏಣಿ ಇದೆ, ಅದರಲ್ಲಿ ಪ್ರತಿ ಮಗುವೂ ಬೇರೆ ಬೇರೆ ಮೆಟ್ಟಿಲಲ್ಲಿ ಇರುವುದರಿಂದ ಯಾರು ಹಿಂದೆ ಎಂಬ ಪ್ರಶ್ನೆಗೆ ಅಲ್ಲಿ ಅಷ್ಟು ತೂಕವಿಲ್ಲ. ಹೊಸಬನನ್ನು ಮೊದಲ ದಿನ ಸಹಪಾಠಿಗಳ ಸಹಾಯದ ತಟ್ಟೆಗೆ (ನಲಿ-ಕಲಿಯಲ್ಲಿ ಗುಂಪನ್ನು ತಟ್ಟೆ ಎನ್ನುತ್ತೇವೆ) ಕಳುಹಿಸುತ್ತೇನೆ. ನಾನು ಹೇಳಿದ್ದು ಅವನಿಗೆ ಅರ್ಥವಾಗದೆ ಇರಬಹುದು. ಎರಡನೇ ತರಗತಿಯ ಹುಡುಗಿ ಅವನ ಕೈ ಹಿಡಿದು ಗೋಡೆಯ ಕಪ್ಪುಹಲಗೆಯ ಮೇಲೆ ತಿದ್ದಿಸಿದ್ದು ಅರ್ಥವಾಗುತ್ತದೆ.

ಸೇರಿಸಿಕೊಳ್ಳುವ ವಿಷಯದಲ್ಲಿ ಒಂದು ಮಾತು. ಹಿಂದಿನ ಶಾಲೆಯ ವರ್ಗಾವಣೆ ಪತ್ರ, ಅಂದರೆ ಟಿ.ಸಿ., ಇಲ್ಲದೆ ಹೇಗೆ ಎಂದು ತಂದೆ-ತಾಯಿಯರೇ ಹೆದರಿ ಬರುವುದಿಲ್ಲ. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ, ಟಿ.ಸಿ. ತಡವಾಯಿತೆಂದು, ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ. ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು ಎಂದೂ ಅದು ಹೇಳುತ್ತದೆ. ಹಾಗಾಗಿ ಒಂಬತ್ತು ವರ್ಷಕ್ಕೆ ಮೊದಲ ಸಲ ಶಾಲೆ ಕಂಡ ಹುಡುಗನ ಹೆಸರು ನಾಲ್ಕನೇ ತರಗತಿಯ ಹಾಜರಿಯಲ್ಲಿರುತ್ತದೆ, ಅವನು ಮಾತ್ರ ಬೆಳಗಿನ ಹೊತ್ತೆಲ್ಲ ನನ್ನ ಚಾಪೆಯ ಮೇಲಿರುತ್ತಾನೆ. ಮುಖ್ಯ ಶಿಕ್ಷಕರು ಇದಕ್ಕೆ ಒಪ್ಪಿದ್ದಾರೆ. ಲೈನ್ ಮನೆಗಳಿಗೆ ಹೋಗಿ ಇದನ್ನು ಹೇಳಬೇಕಾದರೆ ತೋಟದ ಲೆಕ್ಕ ಬರೆಯುವ ರೈಟರನ್ನು ಜೊತೆಗೆ ಕರೆದುಕೊಂಡು ಹೋಗುವುದು ಮೇಲು. ನಾವು ಹತ್ತು ಸಲ ಹೇಳುವುದಕ್ಕಿಂತ ಅವರು ಒಂದು ಸಲ ಹೇಳಿದ್ದು ಬೇಗ ತಲುಪುತ್ತದೆ.

ಇನ್ನು ನರ್ಸರಿಯ ಸಂಗತಿ. ನಾನು ಹೆಚ್ಚು ಕಲಿತದ್ದು ಇಲ್ಲಿ, ಅದೂ ನನ್ನ ತರಗತಿಯಲ್ಲದ ಕೊಠಡಿಯಿಂದ.

ಕೊಯ್ಲಿನ ಕೂಲಿ ಕೆ.ಜಿ. ಲೆಕ್ಕ. ಎಷ್ಟು ಹಣ್ಣು ಕೊಯ್ದರೆ ಅಷ್ಟು ದುಡ್ಡು. ತಂದೆ-ತಾಯಿ ಇಬ್ಬರೂ ಬೆಳಗಾಗುತ್ತಲೇ ತೋಟಕ್ಕಿಳಿಯುತ್ತಾರೆ. ನಾಲ್ಕು ವರ್ಷದ ತಮ್ಮನನ್ನು ನೋಡಿಕೊಳ್ಳುವುದು ಎಂಟು ವರ್ಷದ ಅಕ್ಕ. ಅವಳು ಮೂರನೇ ತರಗತಿಯ ಹಾಜರಿಯಲ್ಲಿದ್ದರೂ ಇರುವುದು ಲೈನ್ ಮನೆಯ ಜಗುಲಿಯಲ್ಲಿ. ನರ್ಸರಿ ಶುರುವಾದಾಗ ಚಿಕ್ಕವರಿಗೆ ಹಾಡು, ಬಣ್ಣ, ಒಂದಿಷ್ಟು ಅಕ್ಷರ ಸಿಗುತ್ತದೆ ಎಂದಷ್ಟೇ ನಾವೆಲ್ಲ ಎಣಿಸಿದ್ದೆವು. ಮೊದಲು ಬದಲಾದದ್ದು ನನ್ನ ಮೂರನೇ ತರಗತಿಯ ಹುಡುಗಿಯರ ಹಾಜರಿ. ತಮ್ಮನನ್ನು ಕೈ ಹಿಡಿದು ತಂದು ಪಕ್ಕದ ಕೊಠಡಿಗೆ ಬಿಟ್ಟು ಅವರು ನನ್ನಲ್ಲಿಗೆ ಬರತೊಡಗಿದರು.

ಆದರೆ ಊಟವಾಗುತ್ತಲೇ ಹೊರಟುಬಿಡುತ್ತಿದ್ದರು. ಕಾರಣ ಸರಳ. ಚಿಕ್ಕ ಮಕ್ಕಳಿಗೆ ದಣಿವಾಗುತ್ತದೆ ಎಂದು ನರ್ಸರಿಯನ್ನು ಮಧ್ಯಾಹ್ನಕ್ಕೇ ಬಿಡುತ್ತಿದ್ದರು. ತಮ್ಮ ಮನೆಗೆ ಹೋದರೆ ಅಕ್ಕನೂ ಹೋಗಲೇಬೇಕು. ಗಣಿತವನ್ನು ನಾನು ಮಧ್ಯಾಹ್ನ ಮಾಡುತ್ತಿದ್ದರಿಂದ ಈ ಹುಡುಗಿಯರಿಗೆ ಕಾಡುತ್ತಿದ್ದದ್ದು ಗಣಿತ ಒಂದೇ. ಹೆಣ್ಣುಮಕ್ಕಳಿಗೆ ಲೆಕ್ಕ ಹತ್ತುವುದಿಲ್ಲ ಎಂದು ಸಲೀಸಾಗಿ ಹೇಳುವವರು ಒಮ್ಮೆ ಪಕ್ಕದ ಕೊಠಡಿಯ ಗಂಟೆ ಎಷ್ಟಕ್ಕೆ ಬಾರಿಸುತ್ತದೆ ಎಂದು ನೋಡುವುದು ಒಳ್ಳೆಯದು. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಇದನ್ನಿಟ್ಟೆವು. ಸ್ವಲ್ಪ ಚರ್ಚೆಯಾಗಿ, ಅಕ್ಕ ಅಣ್ಣಂದಿರು ಶಾಲೆಯಲ್ಲಿರುವ ಮಕ್ಕಳು ಊಟದ ನಂತರ ಅಲ್ಲಿಯೇ ಮಲಗಬಹುದು, ದೊಡ್ಡವರ ಜೊತೆಯಲ್ಲೇ ಮನೆಗೆ ಹೋಗಬಹುದು ಎಂದಾಯಿತು. ಬೇಕಾದದ್ದು ಜಮಖಾನೆ, ಒಂದಷ್ಟು ಹೊದಿಕೆ, ಒಪ್ಪುವ ಆಯಾ. ಮೂರನೆಯದು ಸಿಗುವುದು ಕಷ್ಟ. ನಮ್ಮ ಆಯಾ ಒಪ್ಪಿದರು, ಅದು ನಮ್ಮ ಪುಣ್ಯ.

ನರ್ಸರಿಗೆ ಏಣಿ ಇಲ್ಲ, ಕಾರ್ಡುಗಳೂ ಇಲ್ಲ. ಹೊಸ ಮಗುವಿಗೆ ಭಾಷೆಯೂ ಇಲ್ಲ. ಅಲ್ಲಿ ಕೈ ಹಿಡಿಯುವುದು ದಿನದ ಕ್ರಮ. ಚಪ್ಪಲಿ ಸಾಲು, ಹವಾಮಾನದ ಚಿತ್ರ ಅಂಟಿಸುವುದು, ಹಾಡು, ಹಾಲು, ಆಟದ ಸಾಮಾನು, ಕೈ ತೊಳೆಯುವುದು, ಊಟ: ಇದು ದಿನವೂ ಇದೇ ಸಾಲಿನಲ್ಲಿ ನಡೆಯಬೇಕು. ಮಾತು ತಿಳಿಯದ ಮಗುವಿಗೂ ಹಾಡು ಮುಗಿದರೆ ಹಾಲಿನ ಲೋಟ ಬರುತ್ತದೆ ಎಂದು ಬೇಗ ಗೊತ್ತಾಗುತ್ತದೆ. ಮುಂದೇನು ಎಂದು ತಿಳಿದ ಮಗು ಅಳುವುದನ್ನು ನಿಲ್ಲಿಸುತ್ತದೆ. ಕಚೇರಿಯಿಂದ ಯಾರೋ ಬಂದರೆಂದು ಮಧ್ಯದಲ್ಲಿ ನಿಲ್ಲಿಸಿ ನೃತ್ಯ ಮಾಡಿಸುವುದನ್ನು ನಾನು ವಿರೋಧಿಸುತ್ತೇನೆ. ಬಂದವರು ಚಪ್ಪಾಳೆ ತಟ್ಟಿ ಹೋಗುತ್ತಾರೆ, ಆಮೇಲೆ ಎರಡು ಗಂಟೆ ಸಮಾಧಾನ ಮಾಡುವವರು ನಾವು. ಹವಾಮಾನದ ಚಿತ್ರಕ್ಕೆ ಜುಲೈನಲ್ಲಿ ಯಾರೂ ಮುಂದೆ ಬರುವುದಿಲ್ಲ, ದಿನವೂ ಅದೇ ಮಳೆ. ಡಿಸೆಂಬರಿನಲ್ಲಿ ಮಂಜೋ ಬಿಸಿಲೋ ಎಂದು ಜಗಳವೇ ಆಗುತ್ತದೆ. ಹೊಸಬರ ಮೊದಲ ಕನ್ನಡ ಪದಗಳು ಎಷ್ಟೋ ಸಲ ಈ ಜಗಳದಲ್ಲೇ ಹುಟ್ಟುತ್ತವೆ.

ಹೊಸಬರಿಂದ ಊರಿನ ಮಕ್ಕಳಿಗೇನು ಲಾಭ ಎಂದು ಕೇಳುವ ಪೋಷಕರಿಗೆ ನಾನು ಹೇಳುವುದು ಎರಡರ ಮಗ್ಗಿಯ ಕಥೆ. ಒಂದು ಕಾಫಿ ಹಣ್ಣಿನಲ್ಲಿ ಎರಡು ಬೀಜ, ಹಾಗಾದರೆ ಹತ್ತು ಹಣ್ಣಿನಲ್ಲಿ ಎಷ್ಟು ಎಂದು ಕೊಟ್ಟು ಹಣ್ಣು ಬಿಡಿಸಲು ಹೇಳಿದ್ದೆ. ಒಂದು ಗುಂಪಿಗೆ ಹತ್ತೊಂಬತ್ತು ಬಂತು. ತೋಟವಿರುವ ಮನೆಯ ಹುಡುಗ ಯಾರೋ ಒಂದು ಕದ್ದಿದ್ದಾರೆ ಎಂದು ತೀರ್ಪು ಕೊಟ್ಟ. ಲೈನ್ ಮನೆಯ ಹುಡುಗಿ ರಾಶಿಯಿಂದ ದುಂಡಗಿನ ಬೀಜವೊಂದನ್ನು ಹೆಕ್ಕಿ, ಕೆಲವು ಹಣ್ಣಿನಲ್ಲಿ ಒಂದೇ ಇರುತ್ತದೆ ಮಿಸ್, ಅದಕ್ಕೇ ಈ ಬೀಜಕ್ಕೆ ಚಪ್ಪಟೆ ಹೊಟ್ಟೆ ಇಲ್ಲ ಎಂದಳು. ತೋಟದವರು ಪಿಬಿ (ಪೀಬೆರಿ) ಎಂದು ಬೇರೆ ಮಾಡುವ ಬೀಜ ಅದು. ಅಂದಿನಿಂದ ಆ ಗುಂಪಿನಲ್ಲಿ ಲೆಕ್ಕ ತಪ್ಪಿದರೆ ಮೊದಲು ಹಣ್ಣನ್ನು ನೋಡುತ್ತಾರೆ, ಆಮೇಲೆ ಪಕ್ಕದವನ ಜೇಬನ್ನು.

ಫೆಬ್ರವರಿಯ ಕೊನೆಯಿಂದ ಒಂದೊಂದೇ ಕುಟುಂಬ ಹೊರಡುತ್ತದೆ. ಹೇಳಿ ಹೋಗುವವರು ಕಡಿಮೆ. ಲೆಕ್ಕ ಚುಕ್ತಾ ಆದ ರಾತ್ರಿಯೇ ಗಾಡಿ ಬರುತ್ತದೆ. ಆದ್ದರಿಂದ ಜನವರಿಯಲ್ಲೇ ಪ್ರತಿ ಮಗುವಿಗೂ ಒಂದು ಹಾಳೆ ಸಿದ್ಧ ಮಾಡಿಡುತ್ತೇವೆ: ಕನ್ನಡ, ಗಣಿತ, ಪರಿಸರ ಅಧ್ಯಯನದಲ್ಲಿ ಏಣಿಯ ಎಷ್ಟನೇ ಮೈಲಿಗಲ್ಲು, ಯಾವ ಅಕ್ಷರಗಳು ಬಂದಿವೆ, ಕಳೆಯುವ ಲೆಕ್ಕ ಎಲ್ಲಿಯವರೆಗೆ ಆಗಿದೆ. ಕೆಳಗೆ ಶಾಲೆಯ ಮೊಹರು, ಫೋನ್ ಸಂಖ್ಯೆ. ಕರ್ನಾಟಕದೊಳಗೇ ಹೋಗುವ ಮಗುವಿಗೆ ಇದರಿಂದ ನೇರ ಉಪಯೋಗವಿದೆ. ಅಲ್ಲಿಯೂ ಇದೇ ಏಣಿ ಇರುವುದರಿಂದ ಅದೇ ಮೆಟ್ಟಿಲಿನಿಂದ ಮುಂದುವರಿಸಬಹುದು. ಹೊರರಾಜ್ಯಕ್ಕೆ ಹೋಗುವವರಿಗೆ ಗಣಿತದ ಭಾಗವನ್ನಾದರೂ ಅಂಕಿಗಳಲ್ಲಿ, ಉದಾಹರಣೆ ಲೆಕ್ಕಗಳ ಸಮೇತ ಬರೆಯುತ್ತೇವೆ. ಹಾಳೆಯನ್ನು ಮಗುವಿನ ಚೀಲಕ್ಕೆ ಹಾಕಿದರೆ ಉಳಿಯುವುದಿಲ್ಲ. ತಾಯಿಯ ಕೈಗೆ ಕೊಡಬೇಕು. ಆಧಾರ್, ರೇಷನ್ ಕಾರ್ಡುಗಳಿರುವ ಪ್ಲಾಸ್ಟಿಕ್ ಕವರಿನಲ್ಲಿ ಅದು ಸೇರುತ್ತದೆ, ಮುಂದಿನ ನವೆಂಬರಿನಲ್ಲಿ ಅದೇ ಕುಟುಂಬ ಬಂದರೆ ಅಲ್ಲಿಂದಲೇ ಹೊರಗೆ ಬರುತ್ತದೆ.