ನೀಲಿ ಇ ಜೊತೆ ಓದಿದ ಕನ್ನಡ

2022ರ ಜೂನ್ 15ಕ್ಕೆ ಮೈಕ್ರೋಸಾಫ್ಟ್‌ನೋರು ಇಂಟರ್ನೆಟ್ ಎಕ್ಸ್‌ಪ್ಲೋರರ್ ನಿಲ್ಲಿಸಿದ್ರಲ್ಲ, ಆವತ್ತು ವಾಟ್ಸಾಪ್ ತುಂಬ ಅದನ್ನ ಆಡ್ಕೊಂಡು ನಗೋ ಮೆಸೇಜುಗಳೇ. ದಕ್ಷಿಣ ಕೊರಿಯಾದಲ್ಲಿ ಒಬ್ಬ ಇಂಜಿನಿಯರ್ ಅದಕ್ಕೊಂದು ಸಮಾಧಿ ಕಲ್ಲು ಬೇರೆ ಕೆತ್ತಿಸಿದ್ರು, ಬೇರೆ ಬ್ರೌಸರ್ ಡೌನ್‌ಲೋಡ್ ಮಾಡ್ಕೊಳ್ಳೋಕೆ ಒಳ್ಳೇ ಸಾಧನ ಆಗಿತ್ತು ಅಂತ ಅದರ ಮೇಲೆ ಬರೆಸಿ. ನಂಗೆ ನಗು ಬರ್ಲಿಲ್ಲ. ಕಂಪ್ಯೂಟರ್ ಪರದೆ ಮೇಲೆ ನಾನು ಮೊದಲ್ನೇ ಸಲ ಕನ್ನಡ ಓದಿದ್ದು ಆ ನೀಲಿ ಇ ಗುರುತಿನ ಬ್ರೌಸರ್ ಒಳಗೆ.

2002ರಲ್ಲಿ ನಾನು ನಮ್ಮೂರಲ್ಲಿ ಒಂದು ಬ್ರೌಸಿಂಗ್ ಸೆಂಟರ್ ನೋಡ್ಕೋತಿದ್ದೆ, ವಿಂಡೋಸ್ 98 ಹಾಕಿದ್ದ ನಾಕು ಸಿಸ್ಟಮ್ಮು, ಡಯಲಪ್ ಕನೆಕ್ಷನ್ನು, ಫೋನ್ ಬಂದ್ರೆ ನೆಟ್ ಕಟ್ಟು. ಒಂದಿನ ಅಪ್ಪ ಊಟದ ಡಬ್ಬಿ ಕೊಡೋಕೆ ಬಂದೋರು ಹಿಂದೆ ನಿಂತು ನೋಡ್ತಿದ್ರು, ನಾನು ಒಂದು ಕನ್ನಡ ಲೇಖನದ ಪುಟ ತೆಗ್ದೆ, ಮೊದ್ಲು ಬರೀ ಕಸದ ಥರ ಇಂಗ್ಲಿಷ್ ಅಕ್ಷರ, ಬಾಲ ಇರೋವು, ತಲೆ ಮೇಲೆ ಚುಕ್ಕೆ ಇರೋವು, ಆಮೇಲೆ ಅರ್ಧ ನಿಮಿಷ ಬಿಟ್ಟು ಪಟ್ ಅಂತ ಅಷ್ಟೂ ಕನ್ನಡ ಆಗೋಯ್ತು. ಅಪ್ಪ ಕನ್ನಡಕ ಹಾಕ್ಕೊಂಡು ಮಾನಿಟರ್ ಗಾಜಿನ ಮೇಲೆ ಬೆರಳಿಟ್ಟು ಸಾಲು ಸಾಲಾಗಿ ಓದಿದ್ರು. ಓದಿ ಮುಗಿಸಿ, ಇದನ್ನ ಹಾಳೇಲಿ ತೆಗ್ದು ಕೊಡೋ ಅಂದ್ರು. ಕೊಟ್ಟೆ.

ಆ ಅರ್ಧ ನಿಮಿಷದಲ್ಲಿ ಆಗ್ತಿದ್ದಿದ್ದು ಇಷ್ಟೇ. ಆಗ ಯೂನಿಕೋಡ್ ಕನ್ನಡ, ಅಂದ್ರೆ ಎಲ್ಲ ಕಂಪ್ಯೂಟರಲ್ಲೂ ಕನ್ನಡ ಅಕ್ಷರಕ್ಕೆ ಒಂದೇ ಕೋಡ್ ಇರೋ ಪದ್ಧತಿ, ಹೆಚ್ಚುಕಮ್ಮಿ ಯಾರ ಹತ್ರನೂ ಇರ್ಲಿಲ್ಲ. ಪುಟದ ಒಳಗಿದ್ದಿದ್ದು ಇಂಗ್ಲಿಷ್ ಅಕ್ಷರಗಳ ಕೋಡೇ, ಅದಕ್ಕೆ ಕನ್ನಡದ ವೇಷ ಹಾಕೋ ಫಾಂಟು ಇಓಟಿ ಅನ್ನೋ ಫೈಲಾಗಿ ಪುಟದ ಜೊತೇಲೇ ಇಳಿದು ಬರ್ತಿತ್ತು. ಡೈನಾಮಿಕ್ ಫಾಂಟ್ ಅಂತಿದ್ವಿ. 1997ರ ನಾಲ್ಕನೇ ವರ್ಷನ್‌ನಿಂದ ಎಕ್ಸ್‌ಪ್ಲೋರರ್‌ಗೆ ಇದು ಬರ್ತಿತ್ತು, ಬೇರೆ ಬ್ರೌಸರಲ್ಲಿ ಅದೇ ಪುಟ ತೆಗೆದ್ರೆ ಕಸ ಕಸವಾಗೇ ಉಳೀತಿತ್ತು. ವಿಂಡೋಸ್ ಎಕ್ಸ್‌ಪಿ ಬಂದ್ಮೇಲೆ ಅದರಲ್ಲೇ ತುಂಗಾ ಫಾಂಟ್ ಬಂತು, ಆದ್ರೂ ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಅಂತ ಇರೋ ಕಡೆ ಟಿಕ್ ಹಾಕಿ, ಎಕ್ಸ್‌ಪಿ ಸಿಡಿ ತುರುಕಿ, ರೀಸ್ಟಾರ್ಟ್ ಮಾಡ್ಬೇಕಿತ್ತು. ಎಷ್ಟು ಜನರ ಮನೆಗೆ ಆ ಸಿಡಿ ಹಿಡ್ಕೊಂಡು ಹೋಗಿದೀನೋ.

ಎಕ್ಸ್‌ಪ್ಲೋರರ್ ತಪ್ಪೂ ಸಣ್ಣದಲ್ಲ. 2001ರಲ್ಲಿ ಬಂದ ಆರನೇ ವರ್ಷನ್ ಆದ್ಮೇಲೆ ಏಳು ಬರೋಕೆ 2006ರ ತನಕ ಕಾಯ್ಬೇಕಾಯ್ತು, ನೆಟ್‌ಸ್ಕೇಪ್ ಅನ್ನೋ ಎದುರಾಳಿ ಬ್ರೌಸರ್ ಸೋತು ಮೂಲೆ ಸೇರಿತ್ತು, ಎದುರಿಗೆ ಅಷ್ಟಾಗಿ ಯಾರೂ ಇಲ್ಲ, ಹಾಗಾಗಿ ಯಾರಿಗೂ ಅವಸರ ಇರ್ಲಿಲ್ಲ. ಅಷ್ಟರಲ್ಲಿ ಆಫೀಸಿನೋರೆಲ್ಲ ಇದೊಂದರಲ್ಲೇ ನಡಿಯೋ ಹಾಗೆ ಸೈಟ್ ಕಟ್ಟಿಸ್ಕೊಂಡ್ರು. ಈಗ ನಾನು ಮಾಡೋದು ಟೆಂಡರ್ ಹಾಕಿಕೊಡೋ ಕೆಲಸ, ಡಿಜಿಟಲ್ ಸಹಿಯ ಟೋಕನ್ ಚುಚ್ಚಿ, ಆಕ್ಟಿವ್‌ಎಕ್ಸ್ ಅನ್ನೋ ಎಕ್ಸ್‌ಪ್ಲೋರರ್ ಒಳಗೆ ಓಡೋ ಪ್ರೋಗ್ರಾಮಿಗೆ ಪರ್ಮಿಷನ್ ಕೊಟ್ಟು, ಕೊನೇ ದಿನ ಸಂಜೆ ಐದಕ್ಕೆ ಅದು ಹ್ಯಾಂಗ್ ಆಗಿ ಕಂಟ್ರಾಕ್ಟರ್ ಒಬ್ರು ಕಣ್ಣಲ್ಲಿ ನೀರು ಹಾಕ್ಕೊಂಡಿದ್ದನ್ನ ನೋಡಿದೀನಿ.

ಎಕ್ಸ್‌ಪ್ಲೋರರ್ ಜಾಗಕ್ಕೆ ಬಂದ ಎಡ್ಜ್ ಬ್ರೌಸರ್ 2015ರಿಂದ ಇದೆ, 2020ರಲ್ಲಿ ಅದೂ ಕ್ರೋಮ್ ನಡಿಯೋ ಕ್ರೋಮಿಯಂ ಮೇಲೇ ಹೊಸದಾಗಿ ಬಂತು. ಚೆನ್ನಾಗೇ ಇದೆ, ಫಾಸ್ಟು, ಕನ್ನಡ ಎಲ್ಲೂ ಮುರಿಯಲ್ಲ. ಹಳೇ ಸೈಟಿಗೆ ಅದರೊಳಗೇ ಐಇ ಮೋಡ್, ಅಂದ್ರೆ ಎಕ್ಸ್‌ಪ್ಲೋರರ್ ಥರಾನೇ ಪುಟ ತೆಗೆಯೋ ವ್ಯವಸ್ಥೆ, ಇಟ್ಟಿದಾರೆ, ಕಡೇಪಕ್ಷ 2029ರ ತನಕ ಇರುತ್ತೆ ಅಂದಿದಾರೆ. ಆದ್ರೆ ನಾವೇ ಸೇರಿಸಿದ ಸೈಟು 30 ದಿನಕ್ಕೆ ಪಟ್ಟಿಯಿಂದ ಬಿದ್ದೋಗುತ್ತೆ, ಮತ್ತೆ ಸೇರಿಸ್ಬೇಕು, ನೆನಪಿಟ್ಕೊಳ್ಳಿ.

ನನ್ನ ಸಂಕಟ ಬೇರೆ. ಆಗ ಇಷ್ಟ ಆದ ಕನ್ನಡ ಪುಟಗಳನ್ನ ಒಂದು ಸಿಡಿಗೆ ಬರ್ಕೊಂಡಿದ್ದೆ, 43 ಪುಟ. ಮೊನ್ನೆ ಎಡ್ಜಲ್ಲಿ ತೆಗ್ದೆ, ಬರೀ ಕಸ. ಇಓಟಿ ಇದಕ್ಕೆ ಗೊತ್ತಿಲ್ಲ, ಗೊತ್ತಿದ್ರೂ ಫಾಂಟ್ ಇದ್ದ ಸೈಟುಗಳೇ ಈಗಿಲ್ಲ. ನುಡಿ, ಬರಹ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳ ಅಕ್ಷರ ಆಗಿದ್ರೆ ಯೂನಿಕೋಡ್‌ಗೆ ತರೋ ಕನ್ವರ್ಟರ್‌ಗಳಿವೆ, ಸುಮಾರು ಪುಟ ಹಾಗೇ ಬಂದ್ವು. ಒಂದಿಷ್ಟು ಪುಟಗಳ ಫಾಂಟಿಗೆ ಮಾತ್ರ ಯಾವ ಕನ್ವರ್ಟರೂ ಒಗ್ಗಲಿಲ್ಲ, ಯಾವ ಕಸಕ್ಕೆ ಯಾವ ಕನ್ನಡ ಅಕ್ಷರ ಅಂತ ಹೇಳೋರಿಲ್ಲ.

ಆಗ ನೆನಪಾಗಿದ್ದು ಆ ಪ್ರಿಂಟು. ಅಪ್ಪ ಅದನ್ನ ಪಂಚಾಂಗದೊಳಗೆ ಮಡಚಿ ಇಟ್ಟಿದ್ರು, ಮಡಿಕೆ ಕಡೆ ಒಂದು ಸಾಲು ಅಳಿಸಿದೆ ಅಷ್ಟೇ. ಅದೇ ಪುಟ ಸಿಡಿಯಲ್ಲೂ ಇದೆ! ಈಗ ದಿನಾ ರಾತ್ರಿ ಊಟ ಆದ್ಮೇಲೆ ಅಪ್ಪ ಹಾಳೆ ಹಿಡಿದು ಒಂದೊಂದೇ ಅಕ್ಷರ ಓದ್ತಾರೆ, ನಾನು ಪರದೆ ಮೇಲಿನ ಕಸದ ಜೊತೆ ಜೋಡಿಸಿ ಬರ್ಕೋತೀನಿ. ನಿನ್ನೆ ಧರ್ಮ ಅನ್ನೋ ಪದಕ್ಕೆ ಸಿಕ್ಕಾಕ್ಕೊಂಡ್ವಿ, ಹಳೇ ಫಾಂಟಲ್ಲಿ ಅರ್ಕಾವೊತ್ತು ಮ ಆದ್ಮೇಲೆ ಬರುತ್ತೆ, ಯೂನಿಕೋಡಲ್ಲಿ ಅದೇ ರ್ ಮ-ಗಿಂತ ಮುಂಚೆ ಇರ್ಬೇಕು. ಒತ್ತಕ್ಷರ ಇನ್ನೂ ಅರ್ಧ ಬಾಕಿ ಇವೆ. ಇವತ್ತು ಕ್ಷ ಮಾಡೋಣ ಅಂದಿದಾರೆ ಅಪ್ಪ.